ಎಂಟು ಚುಕ್ಕಿಯ ಮನೆಯಲ್ಲಿ ಕನ್ನಡ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಮನೆಗಳಲ್ಲಿ ಕನ್ನಡ ಮಾತನಾಡುವ ಮಕ್ಕಳಿದ್ದಾರೆ. ಕನ್ನಡ ಓದುವ ಮಕ್ಕಳು ವಿರಳ. ಲಿಪಿಯನ್ನು ಅವರ ಕೈಗೆ ದಾಟಿಸಲು ಅಗ್ಗದ ಗಣಕದ ಕಿಟ್ಟೊಂದು ನೆರವಾಗಬಲ್ಲದೆಂದು ನಾವು ನಂಬಿದ್ದೇವೆ.

2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೆರಳುದ್ದದ ಫಲಕ. ಬೆಲೆ ಕೆಲವು ನೂರು ರೂಪಾಯಿ. ಕಿಟ್ಟಿನ ರೆಸಿಸ್ಟರುಗಳನ್ನೂ ಪರದೆಯ ಕನೆಕ್ಟರನ್ನೂ ಬೆಸೆದು, ಎಮ್ಯುಲೇಟರ್ ತಂತ್ರಾಂಶವನ್ನು ತುಂಬಿದರೆ ಅದು 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಗಣಕದಂತೆಯೇ ನಡೆದುಕೊಳ್ಳುತ್ತದೆ. ಹಳೆಯದರ ಮೆಮೊರಿ 48 ಕಿಲೋಬೈಟ್, ಪಿಕೊದ್ದು 264.

ಆ ಹಳೆಯ ಗಣಕಕ್ಕೆ ಕನ್ನಡ ಬಾರದು. ನಮಗೆ ಬೇಕಾದುದೂ ಅದೇ. ಬಳಸುವವರು ತಾವೇ ರೂಪಿಸಲೆಂದು ಅದರಲ್ಲಿ 21 ಅಕ್ಷರಗಳಿಗೆ ಜಾಗವಿದೆ. ಒಂದೊಂದಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಪ್ರತಿ ಸಾಲೂ 0ಯಿಂದ 255ರೊಳಗಿನ ಒಂದು ಸಂಖ್ಯೆ. ಚುಕ್ಕಿ ರಂಗೋಲಿ ಬಲ್ಲ ಅಜ್ಜಿಯೂ ಮೊಮ್ಮಗಳ ಜೊತೆ ಕೂರಬಹುದಾದ ಕೆಲಸವಿದು. 'ಕನ್ನಡ' ಎಂದು ಬರೆಯಹೊರಟರೆ ಮೂರು ಮನೆ ಸಾಲದು. ನಕಾರದ ಒತ್ತಿಗೆ ಕೆಳಗೊಂದು ಮನೆ ಬೇಕು. ತಲಕಟ್ಟು ಎಲ್ಲಿ ಮುಗಿಯಿತು, ಒತ್ತು ಎಲ್ಲಿ ತೊಡಗಿತು ಎಂಬುದನ್ನು ಮಗು ತಾನೇ ಎಣಿಸಬೇಕು.

ಪುಕ್ಕಟೆಯ ಎಮ್ಯುಲೇಟರ್ ಫೋನಿನಲ್ಲೇ ಇರುವಾಗ ಬೆಸುಗೆಯ ಶ್ರಮವೇಕೆಂದು ಕೇಳುವವರಿದ್ದಾರೆ. ಫೋನು ಕನ್ನಡವನ್ನು ಸಿದ್ಧ ಅಡುಗೆಯಂತೆ ಬಡಿಸುತ್ತದೆ. ಅಕ್ಷರ ಹೇಗಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ತಾನು ಬೆಸೆದ ಯಂತ್ರದಲ್ಲಿ ತಾನೇ ಕಟ್ಟಿದ ಅಕ್ಷರವನ್ನು ಮಗು ಸುಲಭವಾಗಿ ಮರೆಯದು.

ರಾಜ್ಯೋತ್ಸವದ ಶಾಲು, ಹಾರಗಳ ವೆಚ್ಚದಲ್ಲಿ ಒಂದಿಷ್ಟನ್ನು ನಮ್ಮ ಸಂಘಗಳು ಇಂಥ ಕಿಟ್ಟುಗಳಿಗೆ ಮೀಸಲಿಡಲಿ. ವರ್ಷವರ್ಷವೂ ನಾವು ಹೊರತರುವ ಸ್ಮರಣ ಸಂಚಿಕೆಗಳನ್ನು ಮುಂದೆ ಓದಬೇಕಾದವರು ಈ ಮಕ್ಕಳೇ.