ವೀಸಾದ ನೆಪ, ವರದಕ್ಷಿಣೆಯ ಲೆಕ್ಕ



ಕೊಟ್ಟಿಗೆಹಾರ ಮೂರು ದಾರಿ ಕೂಡುವ ಊರು. ಒಂದು ದಾರಿ ಮೂಡಿಗೆರೆಗೆ, ಒಂದು ಕಳಸಕ್ಕೆ, ಇನ್ನೊಂದು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ಬಸ್ಸಿನಿಂದಿಳಿದು ಮಂಜಿನಲ್ಲಿ ನಿಂತು ಬಿಸಿ ನೀರುದೋಸೆ ತಿಂದು ಹೋಗುವವರಿಗೆ ಇದು ದಾರಿಯ ಮೇಲಿನ ಊರು, ಅಷ್ಟೆ. ಆದರೆ ಇಲ್ಲಿನ ಕೆಲವು ಮನೆಗಳ ಹೆಣ್ಣುಮಕ್ಕಳಿಗೆ ಘಾಟಿಯ ದಾರಿ ಎಂದರೆ ಬಜ್ಪೆ ವಿಮಾನ ನಿಲ್ದಾಣದ ದಾರಿ. ಮದುವೆಯಾಗಿ ಒಂದು ತಿಂಗಳು ಜೊತೆಗಿದ್ದ ಗಂಡ "ವೀಸಾ ಮಾಡಿಸಿ ಕರೆಸಿಕೊಳ್ಳುತ್ತೇನೆ" ಎಂದು ಹೇಳಿ ಅದೇ ದಾರಿಯಲ್ಲಿ ಇಳಿದು ಹೋಗಿರುತ್ತಾನೆ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಅತ್ತೆಯ ಮನೆಯಲ್ಲಿ ವರ್ಷಗಳನ್ನು ಎಣಿಸುತ್ತಾಳೆ.

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಈ ಭಾಗದ ಒಂದು ಸಂಘದ ಸಭೆಗೆ ಹೋಗಿದ್ದೆವು. ಸದಸ್ಯೆಯೊಬ್ಬರು ಸಾಲ ಕೇಳಿದರು. ಪುಸ್ತಕದಲ್ಲಿ ಕಾರಣ ಬರೆದದ್ದು "ಮನೆ ರಿಪೇರಿ". ಸಭೆ ಮುಗಿದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಆಕೆ ನಿಜ ಹೇಳಿದರು: "ಮನೆಗಲ್ಲಮ್ಮ, ಅಳಿಯನ ವೀಸಾಕ್ಕೆ. ದುಡ್ಡು ಕೊಟ್ಟರೆ ಮಗಳನ್ನು ಕರೆಸಿಕೊಳ್ಳುತ್ತಾನಂತೆ." ಹಿಂದಿನ ವರ್ಷವೂ ಕೊಟ್ಟಿದ್ದರಂತೆ. ಮದುವೆಯಲ್ಲಿ ಹಾಕಿದ ಬಂಗಾರ ಆಗಲೇ ಅಡವಿಗೆ ಹೋಗಿದೆ. ಮಗಳು ಮಾತ್ರ ಅತ್ತೆಯ ಮನೆಯಲ್ಲೇ ಇದ್ದಾಳೆ.

ನಮ್ಮನ್ನು ನಿದ್ದೆಗೆಡಿಸಿದ್ದು ಆ ತಾಯಿಯ ಸುಳ್ಳಲ್ಲ. ವಾರ ವಾರ ಹತ್ತು ಇಪ್ಪತ್ತು ರೂಪಾಯಿ ಕೂಡಿಟ್ಟು, ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ ಸಂಘದ ಹಣವೇ ಬೇರೆ ಹೆಸರಿನಲ್ಲಿ ವರದಕ್ಷಿಣೆಯಾಗಿ ಘಾಟಿ ಇಳಿಯುತ್ತಿದೆಯಲ್ಲ, ಅದು.

ಗಂಡಹೆಂಡಿರನ್ನು ಅಗಲಿಸುವ ಕಾನೂನುಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಖಂಡಿತ ಇವೆ, ಅವು ಕ್ರೂರವೂ ಆಗಿವೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4000 ದಿರ್ಹಮ್, ಅಥವಾ ವಸತಿಯ ಜೊತೆಗೆ 3000 ದಿರ್ಹಮ್ ಸಂಬಳವಿರಬೇಕು. ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿಯುವ ನಮ್ಮ ಎಷ್ಟೋ ಹುಡುಗರಿಗೆ ಅಷ್ಟು ಸಂಬಳವಿಲ್ಲ. ಸೌದಿ ಅರೇಬಿಯ 2017ರ ಜುಲೈಯಿಂದ ಹೆಂಡತಿಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ತೆರಿಗೆ ಹಾಕಿ, ವರ್ಷ ವರ್ಷ ಏರಿಸಿ 2020ಕ್ಕೆ 400 ರಿಯಾಲ್ ಮಾಡಿತು. ಎಷ್ಟೋ ಸಂಸಾರಗಳು ಗಂಡನನ್ನು ಅಲ್ಲಿಯೇ ಬಿಟ್ಟು ಊರಿಗೆ ಮರಳಿದವು. ಬ್ರಿಟನ್ನಿನಲ್ಲಿ ನೆಲೆಸಿರುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಬೇಕಾದ ವರ್ಷದ ಆದಾಯವನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಿದರು. ಅದೇ ವರ್ಷದ ಮಾರ್ಚ್ 11ರಿಂದ, ಮುದುಕರ, ರೋಗಿಗಳ ಆರೈಕೆಯ ಕೆಲಸಕ್ಕೆ ಹೊಸದಾಗಿ ಹೋಗುವವರು ಸಂಸಾರವನ್ನು ಕರೆದೊಯ್ಯುವಂತಿಲ್ಲ ಎಂದರು. ಬೇರೆಯವರ ಮನೆಯ ಮುದುಕರನ್ನು ನೋಡಿಕೊಳ್ಳಲು ಹೆಣ್ಣು ಬೇಕು, ಅವಳ ಮಕ್ಕಳು ಮಾತ್ರ ಬೇಡ!

ಕೊರೋನಾ ಕಾಲ ನೆನಪಿದೆಯಲ್ಲ? 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ರಂದು. ಅದರಲ್ಲಿ ಗರ್ಭಿಣಿಯರೂ ಇದ್ದರು. ಅದೇ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಎಚ್-1ಬಿ ಕೆಲಸಗಾರರಿಗೂ, ಅವರ ಹೆಂಡತಿಮಕ್ಕಳ ಎಚ್-4 ವೀಸಾಕ್ಕೂ ಬಾಗಿಲು ಹಾಕಿದರು. ಅದು ತೆರೆದದ್ದು 2021ರ ಮಾರ್ಚ್ ಕಳೆದ ಮೇಲೆ. ರಜೆಗೆ ಬಂದು ಇಲ್ಲಿ ಸಿಕ್ಕಿಬಿದ್ದ ಹೆಂಡತಿಯರು, ಅಲ್ಲಿ ಒಂಟಿಯಾದ ಗಂಡಂದಿರು ಅನುಭವಿಸಿದ ಸಂಕಟ ಸುಳ್ಳಲ್ಲ.

ಆದರೆ ಸೋದರಿಯರೇ, ಸರ್ಕಾರ ಮಾಡುವ ವಿಳಂಬ ಬೇರೆ, ಗಂಡ ಮಾಡುವ ವಿಳಂಬ ಬೇರೆ. ಮೊದಲನೆಯದರ ಬೆನ್ನಹಿಂದೆ ಎರಡನೆಯದು ಅಡಗಿ ಕುಳಿತುಕೊಳ್ಳುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ನಿಜವಾದ ವಿಳಂಬಕ್ಕೆ ಒಂದು ಚೀಟಿ ಇರುತ್ತದೆ. ಅರ್ಜಿ ಹಾಕಿದ ದಿನ, ಅರ್ಜಿಯ ಸಂಖ್ಯೆ, ಶುಲ್ಕ ಕಟ್ಟಿದ ರಸೀದಿ ಇರುತ್ತವೆ. ಯಾವ ವೀಸಾಕ್ಕೆ ಎಷ್ಟು ಶುಲ್ಕ ಎಂದು ಆಯಾ ದೇಶದ ಸರ್ಕಾರವೇ ಪ್ರಕಟಿಸಿರುತ್ತದೆ. ಚೀಟಿ ತೋರಿಸದೆ, ಪ್ರತಿ ಸಲವೂ ಬೇರೆ ಬೇರೆ ಮೊತ್ತ ಹೇಳಿ, ಹೆಣ್ಣಿನ ಅಪ್ಪನಮನೆಯಿಂದಲೇ ತರಬೇಕೆನ್ನುವ ವಿಳಂಬ ಯಾವ ದೇಶದ ಕಾನೂನಿನದೂ ಅಲ್ಲ. ಅದು ವರದಕ್ಷಿಣೆ.

ಇದು ನಮ್ಮ ಸಿಟ್ಟಿನ ಮಾತಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಮುಂಚೆ, ಮದುವೆಯ ಹೊತ್ತಿಗೆ, ಅಥವಾ ಆಮೇಲೆ ಎಂದಾದರೂ, ಮದುವೆಯ ಸಂಬಂಧವಾಗಿ ಕೊಟ್ಟದ್ದು, ಕೊಡಲು ಒಪ್ಪಿದ್ದು ವರದಕ್ಷಿಣೆಯೇ. ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ. ಮನೆಗೆ ಅನ್ವಯಿಸುವ ನ್ಯಾಯ ವೀಸಾಕ್ಕೆ ಏಕೆ ಅನ್ವಯಿಸಬಾರದು? "ಕೊಟ್ಟವರೂ ತಪ್ಪಿತಸ್ಥರಲ್ಲವೇ, ನಾವು ಹೇಗೆ ದೂರು ಕೊಡುವುದು?" ಎಂದು ತಾಯಂದಿರು ಹೆದರುತ್ತಾರೆ. ಅದೇ ಕಾಯ್ದೆಯ 7ನೆಯ ಕಲಮಿನಲ್ಲಿ ಇದಕ್ಕೆ ಉತ್ತರವಿದೆ: ನೊಂದವರು ಕೊಟ್ಟ ಹೇಳಿಕೆಯ ಆಧಾರದಿಂದ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ.

ಈ ನಡುವೆ ಆ ಹೆಣ್ಣಿನ ಬದುಕು ಹೇಗಿರುತ್ತದೆ? ಅವಳು ಗಂಡನಿಲ್ಲದ ಮನೆಯಲ್ಲಿ ಸಂಬಳವಿಲ್ಲದ ಆಳು. ಗಂಡ ಕಳಿಸಿದ ಹಣ ಅತ್ತೆಯದೋ ಮೈದುನನದೋ ಖಾತೆಗೆ ಬರುತ್ತದೆ. ಫೋನಿನಲ್ಲಿ ಮಾತಾಡುವಾಗ ಯಾರಾದರೂ ಪಕ್ಕದಲ್ಲೇ ಇರುತ್ತಾರೆ. ಅವಳ ಪಾಸ್‌ಪೋರ್ಟು, ಬಂಗಾರ ಅತ್ತೆಯ ಬೀರುವಿನಲ್ಲಿ. ತವರಿಗೆ ಹೋದರೆ "ಗಂಡ ಬಿಟ್ಟವಳು" ಎಂಬ ಮಾತು, ಇದ್ದರೆ "ನಿನ್ನಪ್ಪ ದುಡ್ಡು ಕೊಡದೆ ವೀಸಾ ಆಗಲಿಲ್ಲ" ಎಂಬ ಮಾತು. ಹೊಡೆತ ಬಿದ್ದರೆ ಮಾತ್ರ ದೌರ್ಜನ್ಯವೇ? ಕಾಯಿಸುವುದೂ ಒಂದು ಹೊಡೆತವೇ.

ವೀಸಾ ಸಿಕ್ಕಿ ಹೋದವಳ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದ ಎಚ್-4 ವೀಸಾ ಗಂಡನ ವೀಸಾದ ಬಾಲ. ಅವನ ಕೆಲಸ ಹೋದರೆ ಇವಳ ನೆಲೆಯೂ ಹೋಗುತ್ತದೆ. 2015ರ ಮೇ ತಿಂಗಳವರೆಗೆ ಆ ವೀಸಾದಲ್ಲಿ ಹೋದವರು ದುಡಿಯುವಂತೆಯೇ ಇರಲಿಲ್ಲ. ಆಮೇಲೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸದ ಪರವಾನಗಿ. ಎಂಜಿನಿಯರ್ ಅಳಿಯ ಸಿಕ್ಕನೆಂದು ತೋಟ ಮಾರಿ ಮದುವೆ ಮಾಡುವ ತಂದೆತಾಯಿಗೆ ಇದನ್ನು ಯಾರು ಹೇಳುತ್ತಾರೆ?

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಕಾನೂನು ಕೊಟ್ಟಿರುವ ಬಲವನ್ನು ತಿಳಿದಿರೋಣ.

ಎಲ್ಲ ಮದುವೆಗಳ ನೋಂದಣಿಯೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿತು. ನೋಂದಣಿ ಪತ್ರವಿಲ್ಲದೆ ಹುಡುಗ ವಿಮಾನ ಹತ್ತಿದರೆ ಮದುವೆಗೆ ಸಾಕ್ಷಿ ಎಂದರೆ ಫೋಟೋ ಆಲ್ಬಮ್ ಅಷ್ಟೇ ಆದೀತು. ಅತ್ತೆಮಾವನ ಹೆಸರಿನಲ್ಲಿರುವ ಮನೆಯಾದರೂ ಸೊಸೆ ಸಂಸಾರ ಮಾಡಿಕೊಂಡಿದ್ದರೆ ಅಲ್ಲಿ ವಾಸಿಸುವ ಹಕ್ಕನ್ನು ಕೇಳಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೀಗೆ ವಿವರಿಸಿದೆ. ಕಿರುಕುಳ ತಾಳಲಾರದೆ ತವರಿಗೆ ಬಂದವಳು ತವರಿನ ಠಾಣೆಯಲ್ಲೇ ದೂರು ಕೊಡಬಹುದೆಂದು 2019ರ ಏಪ್ರಿಲ್‌ನಲ್ಲಿ ತೀರ್ಪಾಗಿದೆ. ವಿದೇಶದ ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಹೆಂಡತಿ ಆ ಕೋರ್ಟಿನ ಅಧಿಕಾರವನ್ನು ಒಪ್ಪದೆ, ನಮ್ಮ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಪಡೆದ ವಿಚ್ಛೇದನ ಇಲ್ಲಿ ನಡೆಯದು ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಗಂಡಂದಿರ ಬಗೆಗಿನ ದೂರುಗಳಿಗೇ ಒಂದು ವಿಭಾಗವಿದೆ. ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗಬೇಕು. ಅದು ಭಿಕ್ಷೆಯಲ್ಲ, ಹಕ್ಕು. ಜೀವಕ್ಕೆ ಅಪಾಯವಿದ್ದರೆ 181ಕ್ಕೆ ಫೋನ್ ಮಾಡಿ.

ಸರ್ಕಾರವನ್ನೂ ನಾವು ಕೇಳಬೇಕಾಗಿದೆ. ಅನಿವಾಸಿಗಳ ಮದುವೆ 30 ದಿನದೊಳಗೆ ನೋಂದಣಿಯಾಗಬೇಕೆಂಬ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಬಂತು, ಕಾನೂನಾಗಲಿಲ್ಲ. 2024ರಲ್ಲಿ ಕಾನೂನು ಆಯೋಗ ಸಮಗ್ರ ಕಾನೂನೇ ಬೇಕೆಂದು ವರದಿ ಕೊಟ್ಟಿತು. ಹೆಣ್ಣಿನ ಆಯುಷ್ಯ ಸವೆಯುತ್ತಿರುವಾಗ ಕಡತಗಳಿಗೆ ಇಷ್ಟು ಬಿಡುವು ಎಲ್ಲಿಂದ ಬಂತು?

ಕೊನೆಯದಾಗಿ ನಮ್ಮ ಸಂಘಗಳ ಮಾತು. ವೀಸಾದ ಹೆಸರಿನ ಸಾಲಕ್ಕೆ ಬರೀ "ಇಲ್ಲ" ಎಂದರೆ ಸಾಲದು. ಆ ತಾಯಿ ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗುತ್ತಾಳೆ. ಬದಲಿಗೆ ಸಂಘವೇ ಅವಳ ಜೊತೆ ಕುಳಿತು ಬೀಗರಿಗೆ ಕೇಳಲಿ: ಅರ್ಜಿ ಎಲ್ಲಿ? ಸಂಖ್ಯೆ ಎಷ್ಟು? ರಸೀದಿ ಎಲ್ಲಿ? ಒಬ್ಬ ತಾಯಿ ಕೇಳಿದರೆ ಅದು ಸೊಕ್ಕು ಎನ್ನುವವರು ಹದಿನೈದು ಹೆಂಗಸರು ಕೇಳಿದರೆ ಉತ್ತರ ಹುಡುಕುತ್ತಾರೆ. ಸಾಲ ಕೊಡುವುದಾದರೆ ಮಗಳ ಹೆಸರಿನ ಪಾಸ್‌ಪೋರ್ಟಿಗೆ, ಮದುವೆ ನೋಂದಣಿಗೆ, ಅವಳ ಹೊಲಿಗೆ ಯಂತ್ರಕ್ಕೆ, ಕೋರ್ಟಿಗೆ ಓಡಾಡುವ ಬಸ್ ಚಾರ್ಜಿಗೆ ಕೊಡೋಣ. ಪಾಸ್‌ಪೋರ್ಟು, ನೋಂದಣಿ ಪತ್ರ, ಬ್ಯಾಂಕ್ ಪುಸ್ತಕ, ಒಡವೆಯ ಪಟ್ಟಿ ಈ ನಾಲ್ಕೂ ಅವಳ ಕೈಯಲ್ಲೇ ಇರಲಿ. ಗಂಡನ ಪಾಸ್‌ಪೋರ್ಟಿನ ನಕಲು, ಅವನ ಕೆಲಸದ ವಿಳಾಸ ತವರಿನಲ್ಲೂ ಇರಲಿ.

ಆ ದಿನದ ಸಭೆಯಲ್ಲಿ ಸಾಲದ ಪುಸ್ತಕ ಬರೆಯುತ್ತಿದ್ದ ಹುಡುಗಿ "ಮನೆ ರಿಪೇರಿ" ಎಂಬುದನ್ನು ಹೊಡೆದುಹಾಕಿ, ಏನು ಬರೆಯಲಿ ಎಂದು ಎಲ್ಲರ ಮುಖ ನೋಡಿದಳು. ಆ ತಾಯಿಯೇ ಬಾಯಿಬಿಟ್ಟರು: "ಈ ಸಲಕ್ಕೆ ಏನೂ ಬರೀಬೇಡವ್ವ. ಮೊದಲು ಚೀಟಿ ತೋರಿಸಲಿ."

ಪ್ರತಿ ಸಂಘದ ಪುಸ್ತಕದಲ್ಲೂ ಆ ಸಾಲು ಹೀಗೆಯೇ ಖಾಲಿ ಉಳಿಯಲಿ.