‘ಜ್ವರ’ವೆಂಬ ಒಂದೇ ಪದ

ಕೊಡಗಿನ ಹಾಲೇರಿ ಅರಸರ ವಂಶಚರಿತ್ರೆಗೆ ‘ರಾಜೇಂದ್ರನಾಮೆ’ ಇದೆ. ಪ್ರಜೆಗಳ ಸಾವಿಗೆ ಅಂಥ ಲೆಕ್ಕವಿರಲಿಲ್ಲ. 1834ರಲ್ಲಿ ನಾಡು ಆಂಗ್ಲರ ವಶವಾಯಿತು; 1871ರ ಜನಗಣತಿ ಇಲ್ಲಿ 1,68,312 ಜನರನ್ನು ಎಣಿಸಿತು. ಆದರೆ ತಲೆಯೆಣಿಕೆ ಬೇರೆ, ಮರಣಕಾರಣವನ್ನು ಅರಿಯುವುದು ಬೇರೆ. ಅಂದು ದೇಶದ ಹಳ್ಳಿಗಳಲ್ಲಿ ಸಾವಿನ ವರದಿ ಕೊಡುತ್ತಿದ್ದವರು ವೈದ್ಯರಲ್ಲ, ಪಟೇಲ, ಕಾವಲುಗಾರರಂಥ ಗ್ರಾಮಸೇವಕರು. ಕಾಲರಾ, ಸಿಡುಬುಗಳನ್ನು ಗುರುತಿಸಬಲ್ಲ ಅವರು ಉಳಿದವಕ್ಕೆ ಬಹುಮಟ್ಟಿಗೆ ‘ಜ್ವರ’ ಎಂದೇ ಬರೆಸಿದರು. ಮಲೆನಾಡಿನ ಮಲೇರಿಯಾ, ನ್ಯುಮೋನಿಯಾ, ಕ್ಷಯ, ಬಾಣಂತಿಯ ನಂಜು ಎಲ್ಲವೂ ಆ ಒಂದು ಪದದಲ್ಲಿ ಅಡಗಿಹೋದವು. ಅವರನ್ನು ದೂರಲಾಗದು. 1662ರಲ್ಲಿ ಜಾನ್ ಗ್ರಾಂಟ್ ಅಭ್ಯಸಿಸಿದ ಲಂಡನ್ನಿನ ಮರಣಪಟ್ಟಿಗಳಿಗೂ ಕಾರಣ ಹೇಳಿದವರು ಶವ ನೋಡಲು ನೇಮಕಗೊಂಡ ವೃದ್ಧೆಯರೇ!

ದೂರಬೇಕಾದುದು ನಮ್ಮನ್ನು. ಹಿರಿಯರು ಲಿಂಗೈಕ್ಯರಾದರೆ ಶಿವಗಣಾರಾಧನೆಯ ಪತ್ರಿಕೆಯಲ್ಲಿ ದಿನ, ಗಳಿಗೆ ತಪ್ಪದೆ ಅಚ್ಚಾಗುತ್ತವೆ. ನೋಂದಣಿಯಲ್ಲಿ ಮಾತ್ರ ‘ವಯೋಸಹಜ’ ಎಂದು ಬರೆಸಿ ಬರುತ್ತೇವೆ. ಮಧುಮೇಹವೋ, ಹೃದ್ರೋಗವೋ, ಕ್ಯಾನ್ಸರೋ, ಮೊಮ್ಮಕ್ಕಳು ಅರಿಯಬೇಡವೇ? 1969ರ ಕಾಯಿದೆಯಂತೆ 21 ದಿನಗಳೊಳಗಿನ ನೋಂದಣಿಗೆ ಶುಲ್ಕವಿಲ್ಲ. ಸದ್ಭಕ್ತರು ಹೋಗುವಾಗ, ಚಿಕಿತ್ಸೆ ನೀಡಿದ ವೈದ್ಯರಿಂದ ಮರಣಕಾರಣದ ಪ್ರಮಾಣಪತ್ರವನ್ನೂ ಪಡೆದು ಒಯ್ಯಬೇಕು.