ನಿದ್ದೆ ಬೇಕಾದದ್ದು ಯಾರಿಗೆ?

ಪುಣೆಯ ಗ್ರಂಥಿಗೆ ಅಂಗಡಿಯಲ್ಲಿ ‘ಬಾಳಗುಟಿ’ ಎಂದು ಕೇಳಿದರೆ ಪುಟ್ಟದೊಂದು ಪೊಟ್ಟಣ ಕೈಗೆ ಬರುತ್ತದೆ. ಜಾಯಿಕಾಯಿ, ಬಜೆ, ಅಳಲೆಕಾಯಿ, ಇನ್ನೂ ಕೆಲವು ಬೇರುಗಳು. ಸಾಣೆಕಲ್ಲಿನ ಮೇಲೆ ಇಂತಿಷ್ಟು ಸುತ್ತು ತೇಯ್ದು, ತಾಯಿಹಾಲಿನಲ್ಲಿ ಕದಡಿ, ಕೂಸಿನ ನಾಲಿಗೆಗೆ ಸವರಬೇಕು. ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅಜ್ಜಿಗೆ ಇದೇನೂ ಹೊಸದಲ್ಲ. ಮರಾಠಿಯ ವೇಖಂಡವೇ ಅವರ ಬಜೆ, ಜಾಯಫಳವೇ ಜಾಯಿಕಾಯಿ. ಗಡಿಗಾಗಿ ಜಗಳವಾಡುವ ಎರಡು ನಾಡುಗಳು ಕೂಸನ್ನು ಮಲಗಿಸುವುದರಲ್ಲಿ ಒಂದಾಗಿವೆ, ಒಂದಾಗಿಯೇ ತಪ್ಪುತ್ತಿವೆ.

‘ಗಿಡಮೂಲಿಕೆ ತಾನೆ, ಏನೂ ಆಗುವುದಿಲ್ಲ’ ಎನ್ನುತ್ತಾರೆ. ಏನೂ ಆಗದಿದ್ದರೆ ಕೂಸು ಮಲಗುವುದು ಹೇಗೆ? ಮಲಗಿಸುವ ಶಕ್ತಿಯಿದ್ದರೆ ಅದು ಮದ್ದು, ಮದ್ದಿಗೆ ಅಳತೆ ಬೇಕು. ಸುತ್ತಿನ ಲೆಕ್ಕವನ್ನು ಅಳತೆ ಎನ್ನಲಾಗದು: ಕಾಯಿ ಬೇರೆ, ಕಲ್ಲು ಬೇರೆ, ಒತ್ತುವ ಕೈ ಬೇರೆ. ಜಾಯಿಕಾಯಿ ಹೆಚ್ಚಾದರೆ ದೊಡ್ಡವರಿಗೇ ಅಮಲೇರಿ ಎದೆ ಹೊಡೆದುಕೊಳ್ಳುತ್ತದೆ. ಆಹಾರದಲ್ಲಿ ಬಜೆಯ ಬಳಕೆಯನ್ನು ಅಮೆರಿಕ 1968ರಲ್ಲೇ ನಿಷೇಧಿಸಿತು. ಜತೆಗೆ ಜೇನು ಸೇರಿಸುವವರಿದ್ದಾರೆ. ವರ್ಷ ತುಂಬದ ಮಗುವಿಗೆ ಅದು ಬೊಟುಲಿಸಂ ತರಬಲ್ಲದು.

‘ನಾವೆಲ್ಲ ಇದನ್ನೇ ನೆಕ್ಕಿ ಬೆಳೆಯಲಿಲ್ಲವೇ?’ ಎಂದು ಬೆಳೆದವರು ಕೇಳುತ್ತಾರೆ. ಬೆಳೆಯದವರು ಸಾಕ್ಷಿ ಹೇಳಲು ಬರುವುದಿಲ್ಲ.

ಈ ಮದ್ದುಗಳ ಹಿಂದೆ ಇರುವುದು ದೊಡ್ಡವರ ದುಡಿಮೆಯ ಗಡಿಯಾರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬೈಯ ಬಟ್ಟೆ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ‘ಬಾಳಗೋಳಿ’ ಎಂಬ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದರು. ಅದಕ್ಕೂ ಹಿಂದೆ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಅಫೀಮಿನ ಪಾನಕ ಇದೇ ಕೆಲಸ ಮಾಡಿತ್ತು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಕೂಸು ಎದ್ದಿದ್ದರೆ ಅಂದಿನ ಕೂಲಿ ಇರುತ್ತಿರಲಿಲ್ಲ.

ಇಂದು ಹಿಂಜವಡಿಯ ಕಂಪನಿಯಲ್ಲಿರುವ ತಾಯಿಗೆ ಕಾನೂನಿನಂತೆ 26 ವಾರಗಳ ಸಂಬಳಸಹಿತ ರಜೆಯುಂಟು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು. ಅವಳ ಮನೆಯ ಪಾತ್ರೆ ತೊಳೆಯುವವಳಿಗೆ ಎರಡೂ ಇಲ್ಲ. ತಂದೆಗೆ ರಜೆ ಕೊಡುವ ಮಾತನ್ನು ಆ ಕಾನೂನು ಆಡುವುದೇ ಇಲ್ಲ. ಈ ಕೊರತೆಯನ್ನೆಲ್ಲ ಕೂಸಿನ ನಾಲಿಗೆಯ ಮೇಲೆ ತೇಯ್ದು ತುಂಬಿಸಲಾಗದು.

ಅಜ್ಜಿಯ ಜ್ಞಾನವನ್ನೆಲ್ಲ ಎಸೆಯಬೇಕಿಲ್ಲ. ಹದವಾದ ಎಣ್ಣೆನೀರು, ಮಬ್ಬು ಬೆಳಕು, ಎದೆಗವುಚಿದ ಕೈ, ಜೋಗುಳ: ಇವು ಹೆಚ್ಚಾದರೂ ವಿಷವಾಗುವುದಿಲ್ಲ. ಹುಟ್ಟಿದ ಕೂಸಿಗೆ ಹಗಲು-ರಾತ್ರಿಯ ಲಯ ಕೂಡಿಬರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಎದ್ದಿರುವುದು ದೊಡ್ಡವರ ಪಾಳಿ. ಅದನ್ನು ಅಪ್ಪನೂ ಹಂಚಿಕೊಳ್ಳಲಿ, ಕೆಲಸ ಕೊಟ್ಟವರೂ ಸರ್ಕಾರವೂ ಅದಕ್ಕೆ ಸಮಯ ಕೊಡಲಿ. ಸಾಣೆಕಲ್ಲು ಗಂಧ ತೇಯಲು ಇರಲಿ.